ಹಾಡು ನಿಮ್ಮದು, ಹಕ್ಕು ಯಾರ ಕೈಗೆ? ಸ್ವತಂತ್ರ ಕಲಾವಿದರಿಗೆ ಪಬ್ಲಿಷಿಂಗ್ ದಾರಿಗಳ ಹೋಲಿಕೆ

ಡಿಸ್ಟ್ರಿಬ್ಯೂಟರ್ (ಹಾಡನ್ನು ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ತಲುಪಿಸುವ ಕಂಪನಿ) ಮೂಲಕ ಹಾಡು ಬಿಟ್ಟರೆ ಅದರ ದುಡ್ಡೆಲ್ಲ ಆ ಒಂದೇ ಅಕೌಂಟಿಗೆ ಬಂದು ಬೀಳುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಾಗುವುದಿಲ್ಲ. ಅಲ್ಲಿಗೆ ಬರುವುದು ರೆಕಾರ್ಡಿಂಗಿನ ಪಾಲು ಮಾತ್ರ. ಸಾಹಿತ್ಯ ಬರೆದವರಿಗೆ, ರಾಗ ಹಾಕಿದವರಿಗೆ ಸಲ್ಲಬೇಕಾದ ದುಡ್ಡು ಬೇರೆ ದಾರಿ ಹಿಡಿದು ಹೋಗುತ್ತದೆ. ಆ ದಾರಿಯಲ್ಲಿ ನಿಮ್ಮ ಹೆಸರು ನೋಂದಣಿ ಆಗಿರದಿದ್ದರೆ ಅದು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ.

ಇದು ಚಿಲ್ಲರೆ ದುಡ್ಡಿನ ಮಾತಲ್ಲ. ಅಮೆರಿಕದಲ್ಲಿ 2018ರ ಕಾನೂನಿನ ಪ್ರಕಾರ ಹಾಡು ಬರೆದವರ ಸ್ಟ್ರೀಮಿಂಗ್ ದುಡ್ಡು ವಸೂಲಿ ಮಾಡಿಕೊಡುವ ಮೆಕ್ಯಾನಿಕಲ್ ಲೈಸೆನ್ಸಿಂಗ್ ಕಲೆಕ್ಟಿವ್ ಎಂಬ ಸಂಸ್ಥೆ ಹುಟ್ಟಿತು. ಅದು 2021ರಲ್ಲಿ ಕೆಲಸ ಶುರು ಮಾಡಿದಾಗ ಸ್ಟ್ರೀಮಿಂಗ್ ಕಂಪನಿಗಳು ಸುಮಾರು 42.4 ಕೋಟಿ ಡಾಲರ್ ತಂದು ಒಪ್ಪಿಸಿದವು. ಯಾರಿಗೆ ಕೊಡಬೇಕೆಂದು ಗೊತ್ತಾಗದೆ ಅವರ ಬಳಿ ಉಳಿದುಹೋಗಿದ್ದ ಹಣ ಅದು. ಒಂದೇ ದೇಶದಲ್ಲಿ, ಒಂದೇ ಬಗೆಯ ರಾಯಲ್ಟಿಯಲ್ಲಿ ಅಷ್ಟು.

ಈ ದುಡ್ಡನ್ನು ವಸೂಲಿ ಮಾಡಿಕೊಳ್ಳಲು ಮುಖ್ಯವಾಗಿ ನಾಲ್ಕು ದಾರಿಗಳಿವೆ. ನೀವೇ ಸೊಸೈಟಿಗೆ, ಅಂದರೆ ಬರೆದವರ ಪರವಾಗಿ ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಘಕ್ಕೆ, ಸೇರಿ ಎಲ್ಲ ನೋಡಿಕೊಳ್ಳುವುದು ಒಂದು. ಕಮಿಷನ್ ಪಡೆದು ನಿಮ್ಮ ಪರವಾಗಿ ನೋಂದಣಿ, ವಸೂಲಿ ಮಾಡಿಕೊಡುವ ಪಬ್ಲಿಷಿಂಗ್ ಅಡ್ಮಿನಿಸ್ಟ್ರೇಟರ್ ಒಬ್ಬರನ್ನು ಇಟ್ಟುಕೊಳ್ಳುವುದು ಇನ್ನೊಂದು. ಆಮೇಲೆ ಕೋ-ಪಬ್ಲಿಷಿಂಗ್, ಕೊನೆಗೆ ಪೂರ್ತಿ ಪಬ್ಲಿಷಿಂಗ್ ಒಪ್ಪಂದ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸ್ವಂತವಾಗಿ ಹಾಡು ಮಾಡಿ ಬಿಡುವ ಹೆಚ್ಚಿನವರಿಗೆ ಮೊದಲೆರಡು ಸಾಕು. ವಸೂಲಿ ಕೆಲಸಕ್ಕೆ ಕಮಿಷನ್ ಕೊಡಿ, ಒಡೆತನ ಕೊಡಬೇಡಿ. ಒಡೆತನದಲ್ಲಿ ಪಾಲು ಕೇಳುವವರು ವಸೂಲಿಗಿಂತ ಹೆಚ್ಚಿನದೇನನ್ನೋ ಮಾಡಿಕೊಡಬೇಕು, ಅದೂ ಅಗ್ರಿಮೆಂಟಿನಲ್ಲಿ ಬರೆದು.

ಒಂದು ಹಾಡು, ಎರಡು ಹಕ್ಕು

ಇದು ಸ್ಪಷ್ಟವಾಗದೆ ಮುಂದಿನ ಯಾವ ಹೋಲಿಕೆಯೂ ತಲೆಗೆ ಹೋಗುವುದಿಲ್ಲ. ಸಾಹಿತ್ಯ ಮತ್ತು ರಾಗ ಸೇರಿ ಒಂದು ಹಕ್ಕು. ಇದನ್ನು ಕಾಂಪೊಸಿಷನ್ ಎನ್ನುತ್ತಾರೆ. ಪಬ್ಲಿಷಿಂಗ್ ಅಂದರೆ ಇದರ ವ್ಯವಹಾರ. ಆ ಹಾಡನ್ನು ಹಾಡಿ, ನುಡಿಸಿ, ಮಿಕ್ಸ್ ಮಾಡಿ ಸಿದ್ಧವಾದ ಧ್ವನಿಮುದ್ರಣದ್ದು ಇನ್ನೊಂದು ಹಕ್ಕು. ಅದು ಮಾಸ್ಟರ್. ನೀವೇ ಬರೆದು ನೀವೇ ಖರ್ಚು ಹಾಕಿ ರೆಕಾರ್ಡ್ ಮಾಡಿದ್ದರೆ ಸಾಮಾನ್ಯವಾಗಿ ಎರಡೂ ನಿಮ್ಮದೇ. ಬೇರೆಯವರ ಹಾಡಿನ ಕವರ್ ಮಾಡಿದ್ದರೆ ಮಾಸ್ಟರ್ ಮಾತ್ರ ನಿಮ್ಮದು.

ಇವೆರಡು ಎಷ್ಟು ಬೇರೆ ಬೇರೆ ಎಂಬುದಕ್ಕೆ ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಅವರ ಪ್ರಕರಣ ನೋಡಿ. 2019ರಲ್ಲಿ ಅವರ ಮೊದಲ ಆರು ಆಲ್ಬಮ್‌ಗಳ ಮಾಸ್ಟರ್‌ಗಳು ಹಳೆಯ ಲೇಬಲ್ (ರೆಕಾರ್ಡಿಂಗ್ ಕಂಪನಿ) ಸಮೇತ ಬೇರೆಯವರಿಗೆ ಮಾರಾಟವಾದವು. ಆದರೆ ಹಾಡುಗಳನ್ನು ಒಬ್ಬರೇ ಅಥವಾ ಜೊತೆಗಾರರೊಂದಿಗೆ ಬರೆದವರು ಸ್ವಿಫ್ಟ್. ಹಾಗಾಗಿ ಕಾಂಪೊಸಿಷನ್ ಕಡೆಯ ಹಿಡಿತ ಉಳಿದಿತ್ತು. 2021ರಿಂದ ಹಳೆಯ ಹಾಡುಗಳನ್ನೇ ಮತ್ತೆ ಹಾಡಿ, ತಮ್ಮದೇ ಒಡೆತನದ ಹೊಸ ಮಾಸ್ಟರ್ ಮಾಡಿಕೊಳ್ಳುತ್ತಾ ಬಂದರು. 2025ರಲ್ಲಿ ಹಳೆಯ ಮಾಸ್ಟರ್‌ಗಳನ್ನೂ ಕೊಂಡುಕೊಂಡರು. ಬರೆದ ಹಕ್ಕೂ ಕೈಬಿಟ್ಟು ಹೋಗಿದ್ದರೆ ಇಷ್ಟು ಸಲೀಸಾಗಿ ಈ ದಾರಿ ಹಿಡಿಯಲು ಆಗುತ್ತಿರಲಿಲ್ಲ.

ಕಾಂಪೊಸಿಷನ್‌ನಿಂದ ಬರುವ ದುಡ್ಡಿನಲ್ಲೂ ಎರಡು ಬಗೆ. ಹಾಡು ರೇಡಿಯೋ, ಟಿವಿ, ವೇದಿಕೆ, ಹೋಟೆಲ್‌ಗಳಲ್ಲಿ ಕೇಳಿಬಂದಾಗ ಪರ್ಫಾರ್ಮೆನ್ಸ್ ರಾಯಲ್ಟಿ. ಅದರ ಪ್ರತಿ ಮಾಡಿದಾಗ, ಅಂದರೆ ಸಿಡಿ, ಡೌನ್‌ಲೋಡ್‌ಗೆ ಮೆಕ್ಯಾನಿಕಲ್ ರಾಯಲ್ಟಿ. ಸ್ಟ್ರೀಮಿಂಗ್‌ನಲ್ಲಿ ಎರಡೂ ಹುಟ್ಟುತ್ತವೆ.

ಪರ್ಫಾರ್ಮೆನ್ಸ್ ರಾಯಲ್ಟಿ ವಸೂಲಿ ಶುರುವಾದ ಕಥೆ ಚೆನ್ನಾಗಿದೆ. 1847ರಲ್ಲಿ ಎರ್ನೆಸ್ಟ್ ಬೂರ್ಜೆ ಎಂಬ ಗೀತರಚನೆಕಾರರು ಪ್ಯಾರಿಸ್ಸಿನ ಒಂದು ಕೆಫೆಗೆ ಹೋಗಿದ್ದರು. ಅಲ್ಲಿ ಅವರದ್ದೇ ಹಾಡು ನುಡಿಸುತ್ತಿದ್ದರು, ಅವರಿಗೆ ಮಾತ್ರ ಏನೂ ಕೊಡುತ್ತಿರಲಿಲ್ಲ. ನನ್ನ ಹಾಡಿಗೆ ನೀವು ಕೊಡದಿದ್ದರೆ ಕುಡಿದದ್ದಕ್ಕೆ ನಾನೂ ಕೊಡುವುದಿಲ್ಲ ಎಂದು ಪಟ್ಟು ಹಿಡಿದರು. ವಿಷಯ ಕೋರ್ಟಿಗೆ ಹೋಯಿತು, ಬೂರ್ಜೆ ಗೆದ್ದರು. ಅದರ ಬೆನ್ನಿಗೇ 1851ರಲ್ಲಿ ಸಾಸೆಮ್ ಎಂಬ ಸೊಸೈಟಿ ಹುಟ್ಟಿತು. ಅದು ಇವತ್ತಿಗೂ ಕೆಲಸ ಮಾಡುತ್ತಿದೆ.

ನಾಲ್ಕು ದಾರಿ, ನೂರರ ಲೆಕ್ಕದಲ್ಲಿ

ಪಬ್ಲಿಷಿಂಗ್‌ನಲ್ಲಿ ಪರ್ಫಾರ್ಮೆನ್ಸ್ ದುಡ್ಡನ್ನು ಸಾಂಪ್ರದಾಯಿಕವಾಗಿ ಎರಡು ಅರ್ಧ ಮಾಡುತ್ತಾರೆ. 50 ಬರೆದವರ ಪಾಲು, 50 ಪಬ್ಲಿಷರ್ ಪಾಲು. ಈ ಲೆಕ್ಕ ತಲೆಯಲ್ಲಿಟ್ಟುಕೊಂಡರೆ ಹೋಲಿಕೆ ಸುಲಭ.

ನೀವೇ ನೋಡಿಕೊಂಡರೆ ನೂರಕ್ಕೆ ನೂರೂ ನಿಮ್ಮದು. ಆದರೆ ಒಂದು ಎಚ್ಚರ. ಕೆಲವು ಸೊಸೈಟಿಗಳಲ್ಲಿ ಪಬ್ಲಿಷರ್ ಪಾಲು ಪಡೆಯಲು ಬರಹಗಾರರಾಗಿ ಸೇರಿದರೆ ಸಾಲದು, ಪಬ್ಲಿಷರ್ ಆಗಿಯೂ ಪ್ರತ್ಯೇಕವಾಗಿ ನೋಂದಣಿ ಮಾಡಿಸಬೇಕು. ಸೇರುವ ಮುಂಚೆಯೇ ಇದನ್ನು ಕೇಳಿ ತಿಳಿದುಕೊಳ್ಳಿ. ಅಡ್ಮಿನಿಸ್ಟ್ರೇಟರ್ ಇಟ್ಟುಕೊಂಡರೆ ಕಮಿಷನ್ ಹೆಚ್ಚಾಗಿ 10ರಿಂದ 20 ಪರ್ಸೆಂಟ್. ಪಬ್ಲಿಷರ್ ಪಾಲಿನ ಮೇಲೆ ಮಾತ್ರ 20 ಪರ್ಸೆಂಟ್ ಹಿಡಿದರೆ ನಿಮಗೆ 90 ಉಳಿಯುತ್ತದೆ. ಒಡೆತನ ಪೂರ್ತಿ ನಿಮ್ಮದೇ. ಕೋ-ಪಬ್ಲಿಷಿಂಗ್‌ನಲ್ಲಿ ಪಬ್ಲಿಷರ್ ಪಾಲಿನ ಅರ್ಧ ಅವರಿಗೆ, ಅಂದರೆ ನಿಮಗೆ 75. ಜೊತೆಗೆ ಕಾಪಿರೈಟಿನಲ್ಲೂ ಅವರಿಗೆ ಪಾಲು. ಪೂರ್ತಿ ಪಬ್ಲಿಷಿಂಗ್‌ನಲ್ಲಿ ನಿಮಗೆ 50, ಕಾಪಿರೈಟ್ ಅವರ ಹೆಸರಿಗೆ.

ಸಂಖ್ಯೆ ನೋಡಿದರೆ ಮೊದಲ ದಾರಿಯೇ ಗೆಲ್ಲಬೇಕು, ಅಲ್ವಾ? ಇಲ್ಲ. ಕೇಳಬೇಕಾದ ಪ್ರಶ್ನೆ, ಎಷ್ಟರಲ್ಲಿ ನೂರು ಎಂಬುದು. ನಿಮ್ಮ ಹಾಡು ದೇಶದೊಳಗೆ 60, ಹೊರಗೆ 40 ದುಡಿಯುತ್ತಿದೆ ಎಂದಿಟ್ಟುಕೊಳ್ಳಿ. ಹೊರಗಿನದರಲ್ಲಿ ಹತ್ತು ಮಾತ್ರ ನಿಮ್ಮ ಸೊಸೈಟಿಗೆ ತಲುಪಿದರೆ ನಿಮ್ಮ ಕೈಗೆ ಬರುವುದು 70. ಅದೇ ಅಡ್ಮಿನಿಸ್ಟ್ರೇಟರ್ ಪೂರ್ತಿ ವಸೂಲಿ ಮಾಡಿ ಹತ್ತು ಇಟ್ಟುಕೊಂಡರೂ 90 ಬರುತ್ತದೆ.

ಹೊರದೇಶದ ದುಡ್ಡು ಯಾಕೆ ಸೋರಿಹೋಗುತ್ತದೆ? ಸೊಸೈಟಿಗಳ ನಡುವೆ ಪರಸ್ಪರ ಒಪ್ಪಂದಗಳಿವೆ. ಸಿಸಾಕ್ ಎಂಬ ಅಂತರರಾಷ್ಟ್ರೀಯ ಒಕ್ಕೂಟದಲ್ಲಿ 220ಕ್ಕೂ ಹೆಚ್ಚು ಸೊಸೈಟಿಗಳಿವೆ. ಪರ್ಫಾರ್ಮೆನ್ಸ್ ದುಡ್ಡು ಈ ಜಾಲದಲ್ಲಿ ನಿಧಾನವಾಗಿಯಾದರೂ ಬರುತ್ತದೆ. ಮೆಕ್ಯಾನಿಕಲ್ ದುಡ್ಡಿನದ್ದೇ ತೊಂದರೆ. ಕೆಲವು ದೇಶಗಳಲ್ಲಿ ಎರಡನ್ನೂ ಒಂದೇ ಸೊಸೈಟಿ ನೋಡಿಕೊಳ್ಳುತ್ತದೆ, ಕೆಲವು ಕಡೆ ಬೇರೆ ಬೇರೆ. ಅಮೆರಿಕದಲ್ಲಿ ಆಸ್ಕಾಪ್, ಬಿಎಂಐ ಎಂಬ ಸೊಸೈಟಿಗಳು ಕೊಡುವುದು ಪರ್ಫಾರ್ಮೆನ್ಸ್ ರಾಯಲ್ಟಿ ಮಾತ್ರ. ಅಲ್ಲಿನ ಸ್ಟ್ರೀಮಿಂಗ್ ಮೆಕ್ಯಾನಿಕಲ್ ಬರುವುದು ಮೇಲೆ ಹೇಳಿದ ಕಲೆಕ್ಟಿವ್‌ನಿಂದ. ಅಲ್ಲಿ ಹಾಡು ನೋಂದಣಿ ಆಗಿರದಿದ್ದರೆ ಬೇರೆ ಸೊಸೈಟಿಯ ಸದಸ್ಯತ್ವ ಉಪಯೋಗಕ್ಕೆ ಬರುವುದಿಲ್ಲ.

ಹಾಗಾದರೆ ಯಾವುದು ಯಾರಿಗೆ? ಕೇಳುಗರು ಹೆಚ್ಚಾಗಿ ಒಂದೇ ದೇಶದಲ್ಲಿದ್ದು, ನಿಮ್ಮ ಸೊಸೈಟಿ ಎರಡೂ ಬಗೆಯ ರಾಯಲ್ಟಿ ವಸೂಲಿ ಮಾಡುವುದಾದರೆ ನೀವೇ ನೋಡಿಕೊಳ್ಳಿ. ವೇದಿಕೆ ಕಾರ್ಯಕ್ರಮವೇ ಮುಖ್ಯ ಆದಾಯ ಆಗಿರುವವರಿಗೂ ಇದೇ ಸರಿ. ಹಾಡಿದ ಹಾಡುಗಳ ಪಟ್ಟಿಯನ್ನು ಸೊಸೈಟಿಗೆ ನೀವೇ ಕಳಿಸಬಹುದು, ಅದಕ್ಕೆ ಮಧ್ಯವರ್ತಿ ಬೇಡ. ಸ್ಟ್ರೀಮಿಂಗ್ ಅಂಕಿಅಂಶ ತೆರೆದು ನೋಡಿ. ಮೂರು ನಾಲ್ಕು ದೇಶಗಳಿಂದ ತಿಂಗಳು ತಿಂಗಳೂ ಕೇಳುಗರು ಕಾಣುತ್ತಿದ್ದರೆ ಅಡ್ಮಿನಿಸ್ಟ್ರೇಟರ್ ಹತ್ತಿರ ಹೋಗುವ ಕಾಲ ಬಂದಿದೆ. ಹತ್ತಾರು ಕೇಳುಗರಿಗೆ ಮಾತ್ರ ತಲುಪುವ ಹಂತದಲ್ಲಿ ಸೇರುವ ಶುಲ್ಕ ಕಟ್ಟಿ ಕೂತರೆ ಆ ಶುಲ್ಕವೂ ವಾಪಸ್ ಬರಲಿಕ್ಕಿಲ್ಲ.

ಕೋ-ಪಬ್ಲಿಷಿಂಗ್ ಅರ್ಥಪೂರ್ಣವಾಗುವುದು ಬೇರೆಯವರಿಗೂ ಹಾಡು ಬರೆದುಕೊಡುವವರಿಗೆ. ಒಳ್ಳೆಯ ಪಬ್ಲಿಷರ್ ನಿಮ್ಮನ್ನು ಬೇರೆ ಗಾಯಕರ ಜೊತೆ ಕೂರಿಸುತ್ತಾರೆ. ಸಿನಿಮಾ, ಜಾಹೀರಾತಿನವರಿಗೆ ಹಾಡು ಕೇಳಿಸುತ್ತಾರೆ. ಕೆಲಸ ತರುತ್ತಾರೆ. ಅದು 25 ಕೊಡುವಷ್ಟು ಬೆಲೆಯ ಕೆಲಸವೇ. ಆದರೆ ಸಹಿ ಹಾಕುವ ಮುಂಚೆ, ಕಳೆದ ವರ್ಷ ನಿಮ್ಮಂಥವರಿಗೆ ಏನು ಮಾಡಿಕೊಟ್ಟಿರಿ ಎಂದು ನೇರವಾಗಿ ಕೇಳಿ. ಹೆಸರು, ಕೆಲಸ ಹೇಳಲು ತಡವರಿಸಿದರೆ ಅವರು ಮಾಡುವುದು ವಸೂಲಿ ಮಾತ್ರ. ಪೂರ್ತಿ ಪಬ್ಲಿಷಿಂಗ್ ಒಪ್ಪಂದವನ್ನು ಸ್ವತಂತ್ರ ಕಲಾವಿದರಿಗೆ ನಾನು ಹೇಳುವುದೇ ಇಲ್ಲ.

ಅಡ್ವಾನ್ಸ್ ಬಗ್ಗೆ ಒಂದು ಮಾತು. ಅದು ಬಹುಮಾನ ಅಲ್ಲ, ನಿಮ್ಮದೇ ಮುಂದಿನ ರಾಯಲ್ಟಿ. ಅದು ತೀರುವ ತನಕ ಪಬ್ಲಿಷರ್ ಕಡೆಯಿಂದ ಹೊಸದಾಗಿ ಏನೂ ಬರುವುದಿಲ್ಲ. ಹೆಚ್ಚಿನ ಒಪ್ಪಂದಗಳಲ್ಲಿ ಸೊಸೈಟಿ ನಿಮಗೆ ನೇರವಾಗಿ ಕೊಡುವ ಬರೆದವರ ಪಾಲನ್ನು ಇದಕ್ಕೆ ಮುಟ್ಟುವುದಿಲ್ಲ. ನಿಮ್ಮ ಒಪ್ಪಂದದಲ್ಲೂ ಹಾಗೇ ಇದೆಯೇ ಎಂದು ನೋಡಿಕೊಳ್ಳಿ.

ಒಂದೇ ಪರ್ಸೆಂಟ್, ಬೇರೆ ಬೇರೆ ದುಡ್ಡು

ಇಬ್ಬರು ಅಡ್ಮಿನಿಸ್ಟ್ರೇಟರ್‌ಗಳು ಇಬ್ಬರೂ 15 ಪರ್ಸೆಂಟ್ ಹೇಳಬಹುದು. ಅದರಿಂದ ಇಬ್ಬರೂ ಒಂದೇ ಎಂದು ತಿಳಿಯಬೇಡಿ. ಹೊರದೇಶದಲ್ಲಿ ಅವರ ಪರವಾಗಿ ವಸೂಲಿ ಮಾಡುವ ಸಬ್-ಪಬ್ಲಿಷರ್ ಇರುತ್ತಾರೆ. ಅವರೂ ತಮ್ಮ ಪಾಲು ಮುರಿದುಕೊಳ್ಳುತ್ತಾರೆ.

ಆ ದೇಶದ ಸೊಸೈಟಿ 100 ಕೊಟ್ಟಿತು ಅನ್ನಿ. ಸಬ್-ಪಬ್ಲಿಷರ್ 20 ಮುರಿದುಕೊಂಡು 80 ಕಳಿಸಿದರು. ನಿಮ್ಮ ಅಡ್ಮಿನಿಸ್ಟ್ರೇಟರ್ ಆ 80ರಲ್ಲಿ 15 ಪರ್ಸೆಂಟ್, ಅಂದರೆ 12 ಹಿಡಿದು 68 ಕೊಟ್ಟರು. ಲೆಕ್ಕ ಸರಿಯಾಗಿದೆ, ಅಗ್ರಿಮೆಂಟ್ ಪ್ರಕಾರವೇ ಇದೆ. ಆದರೆ ನಿಮ್ಮಿಂದ ಹೋದದ್ದು 15 ಅಲ್ಲ, 32. ಅಗ್ರಿಮೆಂಟಿನಲ್ಲಿ 'ಅಟ್ ಸೋರ್ಸ್' ಎಂದಿದ್ದರೆ ಕಮಿಷನ್ ಲೆಕ್ಕ ಹಾಕುವುದು ಮೂಲದ 100ರ ಮೇಲೆ. ನಿಮಗೆ 85 ಬರುತ್ತದೆ, ಸಬ್-ಪಬ್ಲಿಷರ್‌ಗೆ ಕೊಡುವುದನ್ನು ಅವರೇ ತಮ್ಮ ಪಾಲಿನಿಂದ ಕೊಡಬೇಕು. 'ರಿಸೀಟ್ಸ್' ಅಥವಾ 'ನೆಟ್ ರಿಸೀಟ್ಸ್' (ಅವರ ಕೈಗೆ ಬಂದ ಮೊತ್ತದ ಮೇಲೆ ಲೆಕ್ಕ) ಎಂಬ ಮಾತು ಕಂಡರೆ ಅಲ್ಲಿ ನಿಂತು, ಮಧ್ಯದಲ್ಲಿ ಇನ್ನೂ ಯಾರು ಯಾರು ಮುರಿದುಕೊಳ್ಳುತ್ತಾರೆ ಎಂದು ಕೇಳಿ. ಇಬ್ಬರನ್ನು ಹೋಲಿಸಿ ನೋಡುವಾಗ ನಾನು ಮೊದಲು ಹುಡುಕುವ ಸಾಲು ಇದೇ.

ಮಾಸ್ಟರ್ ಕಡೆ

ಡಿಸ್ಟ್ರಿಬ್ಯೂಟರ್‌ಗಳಲ್ಲಿ ಆಯ್ಕೆ ಅಷ್ಟು ಕಷ್ಟದ್ದಲ್ಲ. ಒಂದು, ವರ್ಷದ ಚಂದಾ ಮಾದರಿ. ಡಿಸ್ಟ್ರೋಕಿಡ್ ಹೀಗೆ. ರಾಯಲ್ಟಿಯಲ್ಲಿ ಪಾಲು ಹಿಡಿಯುವುದಿಲ್ಲ, ಚಂದಾ ನಿಲ್ಲಿಸಿದರೆ ಹಾಡು ತೆಗೆಯಬಹುದು. ಇನ್ನೊಂದು, ಬಿಡುಗಡೆಗೆ ಒಮ್ಮೆ ಕಟ್ಟಿ ಆಮೇಲೆ ಆದಾಯದಲ್ಲಿ ಪಾಲು ಕೊಡುವುದು. ಸಿಡಿ ಬೇಬಿ ಹೀಗೆ, ಅದು ಹಿಡಿಯುವುದು 9 ಪರ್ಸೆಂಟ್. ಜಾಸ್ತಿ ಹಾಡು ಬಿಡುತ್ತಾ ಇರುವವರಿಗೆ ಚಂದಾ ಲಾಭ. ವರ್ಷಕ್ಕೊಂದು ಹಾಡು ಬಿಟ್ಟು ಅದು ಸದಾ ಅಲ್ಲೇ ಇರಬೇಕು ಅನ್ನುವವರಿಗೆ ಎರಡನೆಯದು ಲಾಭ. ಇದರ ಜೊತೆ ಒಂದು ಸಂಗತಿ ಗೊತ್ತಿರಲಿ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ದಾಟದಿದ್ದರೆ ಅದರ ರೆಕಾರ್ಡಿಂಗ್ ರಾಯಲ್ಟಿ ಸಿಗುವುದಿಲ್ಲ.

ಡಿಸ್ಟ್ರಿಬ್ಯೂಟರ್ ಸಾಮಾನ್ಯವಾಗಿ ತರದ ಇನ್ನೊಂದು ದುಡ್ಡಿದೆ, ನೇಬರಿಂಗ್ ರೈಟ್ಸ್. ರೆಕಾರ್ಡಿಂಗ್ ಪ್ರಸಾರವಾದಾಗ ಹಾಡಿದವರಿಗೂ ನುಡಿಸಿದವರಿಗೂ ಮಾಸ್ಟರ್ ಒಡೆಯರಿಗೂ ಸಿಗುವ ಪಾಲು ಇದು. ಅಮೆರಿಕದ ಇಂಟರ್ನೆಟ್ ರೇಡಿಯೋ, ಉಪಗ್ರಹ ರೇಡಿಯೋ ಕಡೆಯಿಂದ ಇದನ್ನು ಸೌಂಡ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆ ವಸೂಲಿ ಮಾಡುತ್ತದೆ. 50 ಪರ್ಸೆಂಟ್ ಮಾಸ್ಟರ್ ಒಡೆಯರಿಗೆ, 45 ಮುಖ್ಯ ಕಲಾವಿದರಿಗೆ, 5 ಜೊತೆಗೆ ಹಾಡಿದ ಮತ್ತು ನುಡಿಸಿದವರ ನಿಧಿಗೆ. ಸ್ವತಂತ್ರ ಕಲಾವಿದರು ಮೊದಲ ಎರಡೂ ಪಾಲಿಗೆ ಅರ್ಹರು. ಕಲಾವಿದರಾಗಿ ಮಾತ್ರ ನೋಂದಣಿ ಮಾಡಿಸಿ, ಒಡೆಯರ ಪಾಲನ್ನು ಅಲ್ಲೇ ಬಿಟ್ಟು ಬರಬೇಡಿ.

ಲೇಬಲ್ ಬಂದು ಮಾಸ್ಟರ್ ಕೇಳಿದಾಗ ಗಮನಿಸಬೇಕಾದದ್ದು ಒಂದೇ ಪದ. 'ಲೈಸೆನ್ಸ್' ಅಂದರೆ ಮನೆ ಬಾಡಿಗೆಗೆ ಕೊಟ್ಟ ಹಾಗೆ, ಅವಧಿ ಮುಗಿದ ಮೇಲೆ ವಾಪಸ್. 'ಅಸೈನ್' ಅಂದರೆ ಮಾರಿದ ಹಾಗೆ. ಇವತ್ತು ಸ್ವತಂತ್ರ ಕಲಾವಿದರು ಐದು ಹತ್ತು ವರ್ಷಗಳ ಲೈಸೆನ್ಸ್ ಕೇಳಿ ಪಡೆಯುವುದು ಮಾಮೂಲಿ ಸಂಗತಿ. ಪರ್ಸೆಂಟ್ ಸ್ವಲ್ಪ ಕಡಿಮೆಯಾದರೂ ಅವಧಿ ಇರುವ ಲೈಸೆನ್ಸ್ ಒಳ್ಳೆಯದು. ಮಾರಿಬಿಟ್ಟದ್ದನ್ನು ಕಾನೂನು ತಾನಾಗಿ ಬೇಗ ವಾಪಸ್ ಕೊಡಿಸುವುದಿಲ್ಲ. ಅಮೆರಿಕದ ಕಾನೂನಿನಲ್ಲಿ ಬರೆದವರು ಕೊಟ್ಟ ಹಕ್ಕನ್ನು ಹಿಂಪಡೆಯುವ ಅವಕಾಶ ಇದೆ, ಆದರೆ ಸಾಮಾನ್ಯವಾಗಿ 35 ವರ್ಷ ಆದ ಮೇಲೆ, ಅದೂ ಮುಂಚಿತವಾಗಿ ನೋಟಿಸ್ ಕೊಟ್ಟು. ಅದೇ ಹಾಡನ್ನು ಹೊಸದಾಗಿ ಹಾಡಿ ರೆಕಾರ್ಡ್ ಮಾಡಬಾರದು ಎಂಬ ನಿರ್ಬಂಧ ಲೇಬಲ್ ಒಪ್ಪಂದದಲ್ಲಿ ಎಷ್ಟು ವರ್ಷಕ್ಕಿದೆ ಎಂಬುದನ್ನೂ ನೋಡಿ.

ಸಿಂಕ್‌ನಲ್ಲಿ ನಿಮ್ಮ ಕೈ ಮೇಲು

ದೃಶ್ಯದ ಜೊತೆ ಹಾಡು ಸೇರಿಸುವುದೇ ಸಿಂಕ್. ಇದಕ್ಕೆ ಕಾಂಪೊಸಿಷನ್, ಮಾಸ್ಟರ್ ಎರಡರ ಅನುಮತಿಯೂ ಬೇಕು. ದೊಡ್ಡ ಹಾಡಿನ ವಿಷಯದಲ್ಲಿ ಅದು ಎರಡು ಮೂರು ಕಂಪನಿಗಳ ಬಾಗಿಲು ತಟ್ಟುವ ಕೆಲಸ. ಸೀರಿಯಲ್, ಜಾಹೀರಾತು ಮಾಡುವವರಿಗೆ ಅಷ್ಟು ಸಮಯ ಇರುವುದಿಲ್ಲ. ಎರಡೂ ನಿಮ್ಮ ಕೈಯಲ್ಲಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಸ್ವತಂತ್ರವಾಗಿರುವುದರ ನಿಜವಾದ ಲಾಭ ಇಲ್ಲಿದೆ, ಅದಕ್ಕೇ ಒಡೆತನ ತುಂಡು ಮಾಡುವ ಮುಂಚೆ ಎರಡು ಸಲ ಯೋಚಿಸಿ ಎನ್ನುವುದು.

ದೃಶ್ಯಗಳಿಗೆ ಬಳಸಲು ಹಾಡು ಸಂಗ್ರಹಿಸಿಟ್ಟು ಒದಗಿಸುವ ಸಿಂಕ್ ಲೈಬ್ರರಿಗಳಲ್ಲಿ ಎಕ್ಸ್‌ಕ್ಲೂಸಿವ್ ಮತ್ತು ನಾನ್-ಎಕ್ಸ್‌ಕ್ಲೂಸಿವ್ ಎಂದು ಎರಡು ಬಗೆ. ಒಂದೇ ಹಾಡನ್ನು ನಾಲ್ಕು ಕಡೆ ಕೊಡಬಹುದಾದ್ದರಿಂದ ನಾನ್-ಎಕ್ಸ್‌ಕ್ಲೂಸಿವ್ ಆಕರ್ಷಕವಾಗಿ ಕಾಣುತ್ತದೆ. ಆದರೆ ಕೆಲವು ಲೈಬ್ರರಿಗಳು ಅದೇ ಹಾಡಿಗೆ ಬೇರೆ ಹೆಸರಿಟ್ಟು ಸೊಸೈಟಿಯಲ್ಲಿ ನೋಂದಾಯಿಸುತ್ತವೆ. ಒಂದು ಹಾಡಿಗೆ ನಾಲ್ಕು ಹೆಸರಾದಾಗ ಪ್ರಸಾರದ ದುಡ್ಡು ಯಾವ ಹೆಸರಿಗೆ ಹೋಗಬೇಕು ಎಂಬುದೇ ಗೋಜಲು. ವಾದ್ಯಸಂಗೀತ ಮಾಡಿ ಇಡುವವರು ಕೆಲವು ತುಣುಕುಗಳನ್ನು ಲೈಬ್ರರಿಗೇ ಅಂತ ಮಾಡಿ ಎಕ್ಸ್‌ಕ್ಲೂಸಿವ್ ಆಗಿ ಕೊಡುವುದು ಮೇಲು. ನಿಮ್ಮ ಹೆಸರಿನಲ್ಲಿ ಜನ ಗುರುತಿಸುವ ಹಾಡುಗಳನ್ನು ಹಾಗೆ ಕೊಡಬೇಡಿ.

ಬೀಟ್ ಕೊಂಡವರಿಗೆ

ಆನ್‌ಲೈನ್‌ನಲ್ಲಿ ಬೀಟ್ (ಮೊದಲೇ ಮಾಡಿಟ್ಟ ಹಿನ್ನೆಲೆ ಸಂಗೀತ) ಲೀಸ್‌ಗೆ ಪಡೆದು ಅದರ ಮೇಲೆ ಹಾಡುವುದು ಈಗ ಸಾಮಾನ್ಯ. ಲೀಸ್ ಕಡಿಮೆ ಬೆಲೆಗೆ ಸಿಗುತ್ತದೆ, ಆದರೆ ಅದೇ ಬೀಟ್ ಬೇರೆಯವರ ಹತ್ತಿರವೂ ಇರುತ್ತದೆ. ಅಂಥ ಹಾಡನ್ನು ಯೂಟ್ಯೂಬಿನ ಕಂಟೆಂಟ್ ಐಡಿಗೆ (ವಿಡಿಯೋಗಳಲ್ಲಿ ಬಳಕೆಯಾದ ಹಾಡನ್ನು ತಾನಾಗಿ ಗುರುತಿಸುವ ವ್ಯವಸ್ಥೆ) ಹಾಕಿದರೆ ಅದೇ ಬೀಟ್ ಬಳಸಿದ ಬೇರೆಯವರ ವಿಡಿಯೋ ಮೇಲೂ ನಿಮ್ಮ ಹೆಸರಲ್ಲಿ ಕ್ಲೇಮ್ ಹೋಗಬಹುದು, ಬೀಟ್ ಮಾಡಿದವರ ಮೇಲೂ. ಆಮೇಲೆ ಜಗಳ. ಡಿಸ್ಟ್ರಿಬ್ಯೂಟರ್ ಅಪ್‌ಲೋಡ್ ಪುಟದಲ್ಲಿ ಕಂಟೆಂಟ್ ಐಡಿ ಆಯ್ಕೆಗೆ ಸುಮ್ನೆ ಟಿಕ್ ಹಾಕಿಬಿಡಬೇಡಿ. ಕಂಟೆಂಟ್ ಐಡಿ ಬೇಕೇ ಬೇಕು ಅನ್ನುವವರು ಎಕ್ಸ್‌ಕ್ಲೂಸಿವ್ ಬೀಟ್ ಕೊಳ್ಳಬೇಕು, ಇಲ್ಲವೇ ಜೊತೆಗಾರರ ಕೈಯಲ್ಲಿ ಮಾಡಿಸಿಕೊಳ್ಳಬೇಕು. ಎಕ್ಸ್‌ಕ್ಲೂಸಿವ್ ಆದರೂ ಕಾಂಪೊಸಿಷನ್‌ನಲ್ಲಿ ಬೀಟ್ ಮಾಡಿದ ಪ್ರೊಡ್ಯೂಸರ್‌ಗೆ ಪಾಲು ಇರುವುದೇ ಹೆಚ್ಚು. ಅದು ಎಷ್ಟು ಎಂದು ಲೈಸೆನ್ಸ್‌ನಲ್ಲೇ ಬರೆದಿರುತ್ತದೆ.

ಯಾವ ದಾರಿ ಹಿಡಿದರೂ ಯಾರಿಗೆ ಎಷ್ಟು ಪಾಲು ಎಂದು ಬರೆದ ಚೀಟಿ ತಪ್ಪದು. ಸ್ಟುಡಿಯೋ ಬಿಟ್ಟು ಹೋಗುವ ಮುಂಚೆ ಒಂದು ಹಾಳೆಯಲ್ಲಿ ಹಾಡಿನ ಹೆಸರು, ಬರೆದವರ ಪೂರ್ತಿ ಹೆಸರು, ಅವರ ಸೊಸೈಟಿ, ಸೊಸೈಟಿಯಲ್ಲಿ ಅವರಿಗೆ ಸಿಕ್ಕ ಐಪಿಐ ನಂಬರ್, ಪರ್ಸೆಂಟ್ ಬರೆದು ಎಲ್ಲರೂ ಸಹಿ ಹಾಕಿ. ಪರ್ಸೆಂಟ್‌ಗಳು ಕೂಡಿಸಿದರೆ ಸರಿಯಾಗಿ 100 ಆಗಬೇಕು. ನೀವು 60 ಎಂದೂ ಜೊತೆಗಾರರು 50 ಎಂದೂ ನೋಂದಾಯಿಸಿದರೆ ಆ ಹಾಡಿನ ದುಡ್ಡು ಇಬ್ಬರಿಗೂ ಬಾರದೆ ವಿವಾದ ತೀರುವ ತನಕ ತಡೆದು ನಿಲ್ಲಬಹುದು.

ಬಿಟ್ಟು ಹೊರಡುವಾಗ

ಸೇರುವ ಷರತ್ತನ್ನು ಎಲ್ಲರೂ ಓದುತ್ತಾರೆ, ಹೊರಬರುವ ಷರತ್ತನ್ನು ಓದುವವರು ಕಡಿಮೆ. ಎರಡು ಒಪ್ಪಂದಗಳ ನಿಜವಾದ ವ್ಯತ್ಯಾಸ ಎಷ್ಟೋ ಸಲ ಅಲ್ಲೇ ಇರುತ್ತದೆ. ಅವಧಿ ಒಂದು ವರ್ಷ ಎಂದಿದ್ದರೂ ನೋಟಿಸ್ ಕೊಡದಿದ್ದರೆ ತಾನಾಗಿ ಮುಂದುವರಿಯಬಹುದು. ಅವಧಿ ಮುಗಿದ ಮೇಲೂ ಇನ್ನಷ್ಟು ಕಾಲ ಹಕ್ಕು ಅವರಲ್ಲೇ ಉಳಿಯುವ 'ರಿಟೆನ್ಷನ್' ಅವಧಿ ಇರಬಹುದು. ಹಳೆಯ ಬಾಕಿ ವಸೂಲಿಗೆ ಮತ್ತೊಂದು ಅವಧಿ ಇರಬಹುದು. ಅಡ್ಮಿನಿಸ್ಟ್ರೇಷನ್‌ಗೆ ಒಂದು ವರ್ಷದ ಬಾಕಿ ವಸೂಲಿ ಅವಧಿ ಒಪ್ಪಬಹುದಾದದ್ದು. ಹನ್ನೆರಡು ವರ್ಷದ ರಿಟೆನ್ಷನ್ ಕೇಳಿದರೆ ಅದು ಅಡ್ಮಿನಿಸ್ಟ್ರೇಷನ್ ಹೆಸರಿನಲ್ಲಿ ಇನ್ನೇನನ್ನೋ ಕೇಳಿದ ಹಾಗೆ. ಈಚಿನ ಅಗ್ರಿಮೆಂಟ್‌ಗಳಲ್ಲಿ ಎಐ ತರಬೇತಿಗೆ ಹಾಡು ಬಳಸುವ ಅನುಮತಿಯೂ ಒಂದು ಸಾಲಾಗಿ ಸೇರಿಕೊಂಡಿರಬಹುದು. ಅದಕ್ಕೆ ನಿಮ್ಮ ಪ್ರತ್ಯೇಕ ಒಪ್ಪಿಗೆ ಬೇಕು ಎಂದು ಬರೆಸಿಕೊಳ್ಳಿ.

ಡಿಸ್ಟ್ರಿಬ್ಯೂಟರ್ ಬದಲಿಸುವುದಾದರೆ ಹಳೆಯ ಕಡೆ ಹಾಡು ತೆಗೆಸುವ ಮುಂಚೆ ಪ್ರತಿ ಹಾಡಿನ ಐಎಸ್‌ಆರ್‌ಸಿ ಕೋಡ್ ಬರೆದಿಟ್ಟುಕೊಳ್ಳಿ. ಹನ್ನೆರಡು ಅಕ್ಷರ ಮತ್ತು ಅಂಕಿಗಳ ಈ ಕೋಡ್ ರೆಕಾರ್ಡಿಂಗಿಗೆ ಸೇರಿದ್ದು, ಡಿಸ್ಟ್ರಿಬ್ಯೂಟರ್‌ಗೆ ಅಲ್ಲ. ಹೊಸ ಕಡೆ ಅದೇ ಕೋಡ್, ಅದೇ ಆಡಿಯೋ ಫೈಲ್, ಅದೇ ಹೆಸರು, ಅದೇ ಕಾಗುಣಿತ ಹಾಕಿ. ಹಾಡು ಹೊಸ ಕಡೆಯಿಂದ ಎಲ್ಲ ಆ್ಯಪ್‌ಗಳಲ್ಲೂ ಕಾಣಿಸಿದ ಮೇಲೆ ಹಳೆಯದನ್ನು ತೆಗೆಸಿ. ಹೀಗೆ ಮಾಡಿದರೆ ಹಳೆಯ ಸ್ಟ್ರೀಮ್ ಎಣಿಕೆ ಮತ್ತು ಪ್ಲೇಲಿಸ್ಟ್‌ಗಳು ಸಾಮಾನ್ಯವಾಗಿ ಹಾಗೇ ಉಳಿಯುತ್ತವೆ. ಅಡ್ಮಿನಿಸ್ಟ್ರೇಟರ್ ಬದಲಿಸುವಾಗ ಹಳೆಯವರಿಂದ ಬಿಡುಗಡೆಯ ಪತ್ರ ಬರವಣಿಗೆಯಲ್ಲಿ ಪಡೆಯಿರಿ. ಅದರ ಪ್ರತಿಯನ್ನು ಹೊಸಬರಿಗೂ ನಿಮ್ಮ ಸೊಸೈಟಿಗೂ ಕಳಿಸಿ. ಆ ಪತ್ರ ಇಲ್ಲದಿದ್ದರೆ ಸೊಸೈಟಿಯ ಕಡತದಲ್ಲಿ ಒಂದೇ ಪಾಲಿಗೆ ಇಬ್ಬರು ಹಕ್ಕುದಾರರು ಕಾಣುತ್ತಾರೆ.